ಅಕ್ಸೆಪ್ಟ್ ಒತ್ತುವ ಮೊದಲು: ವೆಬ್‌ಸೈಟ್ ಷರತ್ತು, ಖಾಸಗಿತನ, ಕುಕಿ ಬಗ್ಗೆ ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆ ಈಗ ಅಡಿಕೆ ಧಾರಣೆ ನೋಡೋದು ಮೊಬೈಲ್‌ನಲ್ಲೇ. ಬಸ್ ಸೀಟು ಹಿಡಿಯೋದು, ಪಹಣಿ ತೆಗೆಯೋದು, ಮಗಳ ಕಾಲೇಜು ಅರ್ಜಿ ತುಂಬೋದು ಎಲ್ಲಾ ಅಲ್ಲೇ. ಒಳಗೆ ಬಿಡುವ ಮೊದಲು ಎಷ್ಟೋ ಸೈಟುಗಳು ಏನೋ ಒಂದಕ್ಕೆ ಒಪ್ಪಿಗೆ ಕೇಳುತ್ತವೆ. ನಾವು ಒತ್ತುತ್ತೇವೆ. ಯಾವುದಕ್ಕೆ ಒತ್ತಿದೆವು ಅನ್ನೋ ಯೋಚನೆ ಆಮೇಲೆ ಬರುತ್ತದೆ. ಕಂಪ್ಯೂಟರ್ ಕಲಿಸುವ ಕೆಲಸದಲ್ಲಿ ಇರುವುದರಿಂದ ಈ ಪ್ರಶ್ನೆಗಳು ನನ್ನ ಹತ್ತಿರ ಬರುತ್ತಲೇ ಇರುತ್ತವೆ. ನಾನು ವಕೀಲ ಅಲ್ಲ, ದೊಡ್ಡ ದುಡ್ಡಿನ ತಕರಾರಾದರೆ ವಕೀಲರನ್ನೇ ಕೇಳಿ.

'ಐ ಅಗ್ರೀ' ಅಂತ ಒತ್ತಿದರೆ ನಿಜಕ್ಕೂ ಒಪ್ಪಂದ ಆಗುತ್ತಾ? ಸಹಿ ಏನೂ ಹಾಕಿಲ್ವಲ್ಲ?

ಆಗುತ್ತದೆ. ಎಲೆಕ್ಟ್ರಾನಿಕ್ ರೂಪದಲ್ಲಿ ನಡೆಯಿತು ಅನ್ನೋ ಒಂದೇ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ ಅಂತ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ಉಳಿದದ್ದಕ್ಕೆಲ್ಲ 1872ರ ಹಳೇ ಕರಾರು ಕಾಯ್ದೆಯೇ ಅನ್ವಯ. 18 ತುಂಬದ ಹುಡುಗ ಒತ್ತಿದರೆ ಆ ಕರಾರು ನಿಲ್ಲುವುದಿಲ್ಲ.

ಆದರೆ ಟಿಕ್ ಹಾಕಿ ಒಪ್ಪಿದ್ದಕ್ಕೂ, ಪುಟದ ಅಡಿಯಲ್ಲಿ ಎಲ್ಲೋ 'ಈ ಸೈಟು ಬಳಸಿದರೆ ನಮ್ಮ ಷರತ್ತಿಗೆ ಒಪ್ಪಿದಂತೆ' ಅಂತ ಇರುವೆ ಗಾತ್ರದಲ್ಲಿ ಬರೆದಿದ್ದಕ್ಕೂ ವ್ಯತ್ಯಾಸ ಇದೆ. ಎರಡನೆಯದು ನಿಮ್ಮ ಕಣ್ಣಿಗೇ ಬಿದ್ದಿಲ್ಲ ಅಂದರೆ, ನೀವು ಒಪ್ಪಿದ್ದಿರಿ ಅಂತ ವಾದಿಸೋದು ಅವರಿಗೂ ಸುಲಭ ಅಲ್ಲ.

ಅಷ್ಟುದ್ದ ಷರತ್ತು ಯಾರು ಓದ್ತಾರೆ ಸ್ವಾಮಿ?

ಯಾರೂ ಓದಲ್ಲ. ನಾನೂ ಪೂರ್ತಿ ಓದಲ್ಲ. ದುಡ್ಡು ಕಟ್ಟುವ ಸೈಟಾದರೆ ಮಾತ್ರ ಕೆಲವು ಜಾಗ ಹುಡುಕಿ ನೋಡುತ್ತೇನೆ. ಫೋನಿನ ಬ್ರೌಸರ್‌ನಲ್ಲಿ ಮೂರು ಚುಕ್ಕೆ ಒತ್ತಿದರೆ 'ಫೈಂಡ್ ಇನ್ ಪೇಜ್' ಅಂತ ಬರುತ್ತದೆ. ಅದರಲ್ಲಿ 'ರೀಫಂಡ್', 'ಕ್ಯಾನ್ಸಲ್', 'ರಿನ್ಯೂವಲ್' ಅಂತ ಒಂದೊಂದೇ ಪದ ಹಾಕಿ ಹುಡುಕಿ. ಎರಡು ನಿಮಿಷದ ಕೆಲಸ.

ನಮ್ಮ ಕಡೆಗೆ ರೀಫಂಡ್ ಮುಖ್ಯ, ಅದರಲ್ಲೂ ಮಳೆಗಾಲದಲ್ಲಿ. ಜುಲೈನಲ್ಲಿ ಹೋಂಸ್ಟೇ ಬುಕ್ ಮಾಡಿರುತ್ತಾರೆ, ಆಗುಂಬೆ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಗುತ್ತದೆ, ಬರಲು ಆಗುವುದಿಲ್ಲ. ದುಡ್ಡು ವಾಪಸ್ ಕೇಳಿದರೆ 'ಫೋರ್ಸ್ ಮೇಜರ್' ಅನ್ನೋ ಕಲಮು ತೋರಿಸುತ್ತಾರೆ. ಅಂದರೆ ಪ್ರಕೃತಿ ವಿಕೋಪದಂಥ ಕಾರಣ ಇದ್ದರೆ ನಮ್ಮ ಹೊಣೆ ಇಲ್ಲ ಅಂತ. ಅದರಲ್ಲಿ ಎರಡು ತರ ಇರುತ್ತದೆ. ಕೆಲವರು 'ಸೇವೆ ಕೊಡಲು ಆಗದಿದ್ದರೆ ದುಡ್ಡು ವಾಪಸ್' ಅಂತ ಬರೆದಿರುತ್ತಾರೆ, ಇನ್ನು ಕೆಲವರು 'ದಿನಾಂಕ ಬದಲಾಯಿಸಿ ಕೊಡುತ್ತೇವೆ ಅಷ್ಟೇ' ಅಂತಾರೆ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಈ ಕಡೆ ಬರುವವರು ಬೇರೇನೂ ಓದದಿದ್ದರೂ ಇದೊಂದನ್ನು ಓದಿ.

ಇನ್ನೊಂದು, ತಾನೇ ಮುಂದುವರಿಯುವ ಚಂದಾ. ಮೊದಲ ತಿಂಗಳು ಉಚಿತ ಅಂತ ಕಾರ್ಡ್ ನಂಬರ್ ತಗೊಂಡು ಮುಂದಿನ ತಿಂಗಳಿಂದ ಕತ್ತರಿಸುತ್ತಾ ಹೋಗುತ್ತಾರೆ. ಸೇರುವುದು ಒಂದೇ ಒತ್ತಿಗೆ, ಬಿಡಲು ಮಾತ್ರ ಎಲ್ಲೆಲ್ಲೋ ಹೋಗಬೇಕು. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಇಂಥ ಮೋಸದ ವಿನ್ಯಾಸಗಳ ಬಗ್ಗೆ ಮಾರ್ಗಸೂಚಿ ತಂದು 13 ಬಗೆಯನ್ನು ಹೆಸರಿಸಿದೆ. ಚಂದಾ ಬಲೆ ಅದರಲ್ಲಿ ಒಂದು. 'ಇನ್ನು ಎರಡೇ ರೂಮ್ ಉಳಿದಿದೆ' ಅಂತ ಸುಮ್ನೆ ಗಾಬರಿ ಹುಟ್ಟಿಸೋದು ಇನ್ನೊಂದು. ಕೇಳದೇ ಬುಟ್ಟಿಗೆ ವಿಮೆ ಸೇರಿಸೋದು, ಕೊನೇ ಪುಟದಲ್ಲಿ ಬೆಲೆ ಏರಿಸೋದು ಕೂಡ ಪಟ್ಟಿಯಲ್ಲಿವೆ.

'ಎಲ್ಲಾ ವ್ಯಾಜ್ಯಗಳೂ ದೆಹಲಿ ನ್ಯಾಯಾಲಯದಲ್ಲಿ ಮಾತ್ರ' ಅಂತ ಬರೆದಿದ್ದಾರೆ. ಸಾಗರದಿಂದ ದೆಹಲಿಗೆ ಹೋಗೋಕಾಗುತ್ತಾ?

ಹೋಗಬೇಕಾಗಿಲ್ಲ. ಇದನ್ನು ಓದಿಯೇ ಎಷ್ಟೋ ಜನ ಕೈಚೆಲ್ಲಿ ಕೂರುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನ ಪ್ರಕಾರ ದೂರು ಕೊಡುವವರು ಎಲ್ಲಿ ವಾಸ ಇದ್ದಾರೋ, ಎಲ್ಲಿ ದುಡಿಯುತ್ತಾರೋ ಅಲ್ಲಿನ ಜಿಲ್ಲಾ ಆಯೋಗಕ್ಕೇ ದೂರು ಕೊಡಬಹುದು. ನಿಮ್ಮದು ಶಿವಮೊಗ್ಗ ಜಿಲ್ಲೆಯಾದರೆ ಶಿವಮೊಗ್ಗದಲ್ಲೇ. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಆನ್‌ಲೈನ್‌ನಲ್ಲಿ ಇ-ಜಾಗೃತಿ ಪೋರ್ಟಲ್ ಮೂಲಕವೂ ಹಾಕಬಹುದು. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಅದು. ಕೆಲವು ಸಲ ಅಷ್ಟಕ್ಕೇ ಕಂಪನಿಯವರು ದಾರಿಗೆ ಬರುತ್ತಾರೆ.

ಇದು ಗ್ರಾಹಕರಾಗಿ ಕೊಂಡವರಿಗೆ. ಅಡಿಕೆ ಮಂಡಿಯವರು ವ್ಯಾಪಾರಕ್ಕೆ ಅಂತ ಸಾಫ್ಟ್‌ವೇರ್ ಕೊಂಡಿದ್ದರೆ ಲೆಕ್ಕ ಬೇರೆ.

ಒಂದು ಸೈಟಲ್ಲಿ ಜೋಗದ ಚೆಂದದ ಫೋಟೊ ಇದೆ. ನಮ್ಮ ಹೋಂಸ್ಟೇ ಪೋಸ್ಟರ್‌ಗೆ ಹಾಕಿಕೊಳ್ಳಬಹುದಾ?

ಕೇಳದೇ ಹಾಕಬೇಡಿ. ಜೋಗ ಎಲ್ಲರದ್ದು, ಫೋಟೊ ತೆಗೆದವರದ್ದು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಫೋಟೊಗೆ ಪ್ರಕಟವಾದ ಮೇಲೆ 60 ವರ್ಷ ರಕ್ಷಣೆ ಇದೆ. ಗೂಗಲ್‌ನಲ್ಲಿ ಸಿಕ್ಕಿತು ಅನ್ನೋದು ಅನುಮತಿ ಅಲ್ಲ. ಕೆಳಗೆ 'ಕೃಪೆ: ಇಂಟರ್ನೆಟ್' ಅಂತ ಹಾಕಿದರೂ ಉಪಯೋಗ ಇಲ್ಲ. ಷರತ್ತು ಪಾಲಿಸಿ ಯಾರು ಬೇಕಾದರೂ ಬಳಸಿ ಅಂತ ತೆಗೆದವರೇ ಬಿಟ್ಟುಕೊಟ್ಟ, ಅಂದರೆ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವ ಫೋಟೊಗಳು ವಿಕಿಮೀಡಿಯಾ ಕಾಮನ್ಸ್‌ನಲ್ಲಿ ಸಿಗುತ್ತವೆ, ಅಲ್ಲಿ ಹೇಳಿದ ಹಾಗೆ ಹೆಸರು ಹಾಕಿ ಬಳಸಿ. ಇಲ್ಲದಿದ್ದರೆ ಆಗಸ್ಟ್‌ನಲ್ಲಿ ನೀವೇ ಹೋಗಿ ತೆಗೆಯಿರಿ. ಮಂಜು ಸರಿಯುವವರೆಗೆ ಕಾಯಬೇಕು, ಅಷ್ಟೇ.

ಇದರ ಇನ್ನೊಂದು ಮುಖವನ್ನು ಜನ ಮರೆಯುತ್ತಾರೆ. ನೀವು ಒಂದು ಸೈಟಿಗೆ ಫೋಟೊ ಹಾಕಿದಾಗ, ಅದನ್ನು ಬಳಸುವ ಹಕ್ಕನ್ನು ಅವರ ಷರತ್ತಿನ ಪ್ರಕಾರ ಅವರಿಗೆ ಕೊಟ್ಟಿರುತ್ತೀರಿ. ಫೋಟೊ ನಿಮ್ಮದೇ, ಆದರೆ ಅವರ ಜಾಹೀರಾತಿನಲ್ಲಿ ಅದು ಬಂದರೆ ಜಗಳ ಮಾಡುವ ಮೊದಲು ಆ ಕಲಮು ನೋಡಿ.

ಪ್ರೈವಸಿ ಪಾಲಿಸಿ ಅಂತ ಇರುತ್ತಲ್ಲ, ಅದು ನಮ್ಮನ್ನು ಕಾಪಾಡೋಕಾ ಅವರನ್ನು ಕಾಪಾಡೋಕಾ?

ಬರೆಯುವುದು ಅವರ ವಕೀಲರು, ಅದರಲ್ಲೇ ಗೊತ್ತಾಗುತ್ತದೆ ಅಲ್ವಾ. ಆದರೂ ನಮಗೂ ಉಪಯೋಗ ಇದೆ, ಏಕೆಂದರೆ ಬರೆದುಕೊಟ್ಟ ಮಾತಿಗೆ ಅವರನ್ನು ಹಿಡಿದು ಕೇಳಬಹುದು. ನಿಮ್ಮಿಂದ ಏನು ತೆಗೆದುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಅಂತ ನೋಡಿ. 'ನಮ್ಮ ಪಾಲುದಾರರೊಂದಿಗೆ ಹಂಚಿಕೊಳ್ಳಬಹುದು' ಅಂತ ಇದ್ದು ಪಾಲುದಾರರು ಯಾರು ಅಂತ ಇಲ್ಲದಿದ್ದರೆ ಫೋನ್ ನಂಬರ್ ಕೊಡುವ ಮೊದಲು ಯೋಚಿಸಿ. ಸಾಲ ಬೇಕಾ ಸಾರ್ ಅಂತ ಬರುವ ಕರೆಗಳು ಆಕಾಶದಿಂದ ಉದುರುವುದಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ.ಎಸ್. ಪುಟ್ಟಸ್ವಾಮಿ. ಅದಾದ ಮೇಲೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ 18 ತಿಂಗಳು ಕಾಲಾವಕಾಶ ಇದೆ, ಅಂದರೆ ಪೂರ್ತಿ ಬಿಸಿ ಮುಟ್ಟುವುದು 2027ರ ಮೇ ಹೊತ್ತಿಗೆ. ಅಲ್ಲಿಯವರೆಗೆ ಏನೂ ಇಲ್ಲ ಅಂತಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಡಿ ಬಂದ 2011ರ ನಿಯಮಗಳ ಪ್ರಕಾರ ಈಗಲೂ ಕಂಪನಿಗಳು ಪ್ರೈವಸಿ ಪಾಲಿಸಿ ಪ್ರಕಟಿಸಬೇಕು, ದೂರು ಅಧಿಕಾರಿಯ ಹೆಸರು ಹಾಕಬೇಕು.

ಇದೆಲ್ಲಾ ಇಂಗ್ಲಿಷ್‌ನಲ್ಲಿ ಇರುತ್ತೆ. ಕನ್ನಡದಲ್ಲಿ ಕೊಡಿ ಅಂತ ಕೇಳಬಹುದಾ?

ಕೇಳಬಹುದು, ಧಾರಾಳವಾಗಿ. ಅವರು ಕೊಡಲೇಬೇಕಾಗುವುದು ಮಾತ್ರ ಹೊಸ ಕಾಯ್ದೆಯ ಹೊಣೆಗಳು ಪೂರ್ತಿ ಜಾರಿಯಾದ ಮೇಲೆ. ಹೊಸ ಕಾಯ್ದೆಯಲ್ಲಿ ನನಗೆ ತುಂಬಾ ಹಿಡಿಸಿದ ಮಾತು ಇದೇ. ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಕೊಡಬೇಕು ಅಂತ ಅದರಲ್ಲಿದೆ. ಆ 22ರಲ್ಲಿ ಕನ್ನಡ ಇದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳುವ ಹಾಗೂ ಇರಬೇಕು. ನಿಮ್ಮ ಬಗ್ಗೆ ಏನು ಇಟ್ಟುಕೊಂಡಿದ್ದೀರಿ ಅಂತ ಕೇಳುವುದು, ತಪ್ಪಿದ್ದರೆ ತಿದ್ದಿಸುವುದು, ಬೇಡವಾದರೆ ಅಳಿಸಲು ಹೇಳುವುದು ನಿಮ್ಮ ಹಕ್ಕು. ನಾವು ಸತ್ತ ಮೇಲೆ ಈ ಹಕ್ಕನ್ನು ಯಾರು ಚಲಾಯಿಸಬೇಕು ಅಂತ ನಾಮಿನಿ ಮಾಡುವುದಕ್ಕೂ ಅವಕಾಶ ಇದೆ. ಬ್ಯಾಂಕಿಗೆ ಮಾತ್ರ ನಾಮಿನಿ ಅಂದುಕೊಂಡಿದ್ದೆವು, ನೋಡಿ.

ಹೋಂಸ್ಟೇಯವರು ಆಧಾರ್ ಫೋಟೊ ವಾಟ್ಸಾಪ್‌ನಲ್ಲಿ ಕಳಿಸಿ ಅಂತಾರೆ. ಕಳಿಸಬಹುದಾ?

ಗುರುತಿನ ಚೀಟಿ ಕೇಳುವುದು ಸಹಜ, ಬಂದವರು ಯಾರು ಅಂತ ದಾಖಲೆ ಅವರೂ ಇಡಬೇಕು. ಆದರೆ ಆಧಾರೇ ಆಗಬೇಕೆಂದಿಲ್ಲ, ಡ್ರೈವಿಂಗ್ ಲೈಸೆನ್ಸ್ ತೋರಿಸಿ. ಆಧಾರೇ ಬೇಕು ಅಂದರೆ ಮಾಸ್ಕ್ಡ್ ಆಧಾರ್ ಕೊಡಿ. ಯುಐಡಿಎಐ ಸೈಟಿನಿಂದ ಇಳಿಸಿಕೊಳ್ಳಬಹುದು, ಅದರಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುತ್ತದೆ.

ನಮ್ಮದೇ ಸಣ್ಣ ಹೋಂಸ್ಟೇ, ಮೂರು ರೂಮು. ಮಗ ಒಂದು ಸೈಟ್ ಮಾಡಿಕೊಟ್ಟಿದ್ದಾನೆ. ಈ ಹೊಸ ದತ್ತಾಂಶ ಕಾಯ್ದೆ ನಮಗೂ ಅನ್ವಯಿಸುತ್ತಾ?

ಮನೆಯ ಸ್ವಂತ ಬಳಕೆಗೆ ಇಟ್ಟುಕೊಂಡ ಮಾಹಿತಿಗೆ ಅನ್ವಯಿಸಲ್ಲ. ವ್ಯಾಪಾರಕ್ಕೆ ತೆಗೆದುಕೊಂಡರೆ ಅನ್ವಯಿಸುತ್ತದೆ, ಮೂರು ರೂಮಾದರೂ ಸರಿ. ಹೆದರಬೇಡಿ. ಭದ್ರತೆ ಇಡದೇ ಮಾಹಿತಿ ಸೋರಿದರೆ 250 ಕೋಟಿವರೆಗೆ ದಂಡ ಅಂತ ಪತ್ರಿಕೆಯಲ್ಲಿ ಓದಿರುತ್ತೀರಿ. ಅದು ಗರಿಷ್ಠ ಮಿತಿ, ತಪ್ಪಿನ ಗಾತ್ರ ನೋಡಿ ಆ ಕಾಯ್ದೆಯ ದತ್ತಾಂಶ ಸಂರಕ್ಷಣಾ ಮಂಡಳಿ ನಿರ್ಧರಿಸುತ್ತದೆ.

ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಬೇಡದ್ದನ್ನು ಕೇಳಬೇಡಿ. ರೂಮ್ ಕೊಡಲು ಹುಟ್ಟಿದ ದಿನಾಂಕ, ಮದುವೆ ವಾರ್ಷಿಕೋತ್ಸವ ಎಲ್ಲಾ ಯಾಕೆ? ಏನು ತಗೊಳ್ಳುತ್ತೀರಿ, ಯಾಕೆ, ಎಷ್ಟು ದಿನ ಇಡುತ್ತೀರಿ ಅಂತ ಅರ್ಧ ಪುಟ ಸರಳ ಕನ್ನಡದಲ್ಲಿ ಬರೆದು ಹಾಕಿ. ಬೇರೆ ಸೈಟಿನ ಪಾಲಿಸಿಯನ್ನು ಹಾಗೇ ನಕಲು ಮಾಡಬೇಡಿ. ಹೀಗೆ ನಕಲು ಮಾಡಿದ ಪುಟಗಳಲ್ಲಿ 'ಕ್ಯಾಲಿಫೋರ್ನಿಯಾ ನಿವಾಸಿಗಳ ಹಕ್ಕುಗಳು' ಅಂತ ಒಂದು ಭಾಗ ಇರುತ್ತದೆ, ತೀರ್ಥಹಳ್ಳಿಯಲ್ಲಿ ಕೂತು ಅದನ್ನು ಪಾಲಿಸುವವರು ಯಾರು?

ಮಗ ಪಿಯುಸಿ. ಅವನ ಹೆಸರಲ್ಲಿ ಖಾತೆ ತೆರೆದರೆ?

ಹೊಸ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳೇ. ತಂದೆ ತಾಯಿಯ ಒಪ್ಪಿಗೆಯನ್ನು ಖಚಿತಪಡಿಸಿಕೊಂಡೇ ಅವರ ಮಾಹಿತಿ ಬಳಸಬೇಕು. ಅವರ ಓಡಾಟದ ಜಾಡು ಹಿಡಿದು ಜಾಹೀರಾತು ತೋರಿಸುವಂತಿಲ್ಲ. ಹುಟ್ಟಿದ ವರ್ಷ ಸುಳ್ಳು ಹಾಕಿ ಒಳಗೆ ಹೋಗುವ ಮಕ್ಕಳಿಗೆ ಈ ರಕ್ಷಣೆ ಸಿಗುವುದು ಹೇಗೆ ಅನ್ನೋದು ಬೇರೆ ಮಾತು.

ಕುಕಿ ಅಂದ್ರೆ ಏನು? ವೈರಸ್ಸಾ?

ಅಲ್ಲ. ಅದೊಂದು ಸಣ್ಣ ಪಠ್ಯದ ತುಣುಕು, ಸಾಮಾನ್ಯವಾಗಿ 4 ಕೆಬಿ ಒಳಗೆ. ಸೈಟು ಕೊಡುತ್ತದೆ, ನಿಮ್ಮ ಬ್ರೌಸರ್ ಇಟ್ಟುಕೊಳ್ಳುತ್ತದೆ, ಮುಂದಿನ ಸಲ ಹೋದಾಗ ತೋರಿಸುತ್ತದೆ. ದೇವಸ್ಥಾನದ ಹೊರಗೆ ಚಪ್ಪಲಿ ಬಿಟ್ಟಾಗ ಕೊಡುವ ಟೋಕನ್ ಇದ್ದ ಹಾಗೆ: ನಿಮ್ಮ ಹೆಸರು ಅದರಲ್ಲಿ ಇರಬೇಕೆಂದಿಲ್ಲ, ನಂಬರ್ ನೋಡಿದರೆ ಅವರಿಗೆ ಗೊತ್ತಾಗುತ್ತದೆ. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲಿ ಇದನ್ನು ಮಾಡಿದ್ದು. ಸೈಟಿಗೆ ನೆನಪಿನ ಶಕ್ತಿ ಇರಲಿಲ್ಲ, ಒಂದು ಪುಟದಲ್ಲಿ ಬುಟ್ಟಿಗೆ ಹಾಕಿದ ಸಾಮಾನು ಇನ್ನೊಂದು ಪುಟಕ್ಕೆ ಹೋದರೆ ಮರೆತುಹೋಗುತ್ತಿತ್ತು. ಅದಕ್ಕೆ ಪರಿಹಾರ ಅಂತ ಶುರುವಾಯಿತು.

ಕೆಲವು ಕುಕಿ ಬ್ರೌಸರ್ ಮುಚ್ಚಿದಾಗ ಹೋಗುತ್ತವೆ. ಕೆಲವು ತಿಂಗಳುಗಟ್ಟಲೆ ಇರುತ್ತವೆ, ಕ್ರೋಮ್‌ನಲ್ಲಿ ಗರಿಷ್ಠ 400 ದಿನ.

ಹಾಗಾದರೆ ತಕರಾರು ಏನು? ಅಡಿಕೆ ಕೊಯ್ಯುವ ದೋಟಿ ಹುಡುಕಿದ ಮೇಲೆ ಎಲ್ಲಿ ನೋಡಿದರೂ ದೋಟಿ ಜಾಹೀರಾತೇ ಬರುತ್ತಲ್ಲ, ಅದು ಇದರಿಂದಲೇನಾ?

ಅದೇ ತಕರಾರು. ನೀವು ಹೋದ ಸೈಟೇ ಕೊಟ್ಟ ಕುಕಿಯಿಂದ ಅಂಥಾ ತೊಂದರೆ ಇಲ್ಲ. ಆದರೆ ಆ ಪುಟದ ಒಳಗೆ ಜಾಹೀರಾತು ಕಂಪನಿಯ ತುಂಡೊಂದು ಕೂತಿರುತ್ತದೆ, ಅದೂ ತನ್ನ ಕುಕಿ ಇಡುತ್ತದೆ. ಅದೇ ಕಂಪನಿಯ ತುಂಡು ಸುದ್ದಿ ಸೈಟಿನಲ್ಲೂ ಇರುತ್ತದೆ, ಅಡುಗೆ ಸೈಟಿನಲ್ಲೂ ಇರುತ್ತದೆ. ಹಾಗಾಗಿ ಅಡಿಕೆ ಕೊಯ್ಲಿಗೆ ಕಾರ್ಬನ್ ಫೈಬರ್ ದೋಟಿಯ ರೇಟು ಒಂದು ಕಡೆ ನೋಡಿದಿರಿ ಅನ್ನೋದು ಅದಕ್ಕೆ ಗೊತ್ತು, ಸಂಜೆ ಕ್ರಿಕೆಟ್ ಸ್ಕೋರ್ ನೋಡಲು ಬಂದವರಿಗೂ ದೋಟಿಯನ್ನೇ ತೋರಿಸುತ್ತದೆ. ದೋಟಿ ಕೊಂಡಾದ ಮೇಲೂ ಬಿಡುವುದಿಲ್ಲ. ಒಂದು ಮನೆಗೆ ಎಷ್ಟು ದೋಟಿ ಬೇಕು ಅಂತ ಪಾಪ ಅದಕ್ಕೆ ಗೊತ್ತಿಲ್ಲ.

ಸಫಾರಿಯಲ್ಲಿ ಈ ಮೂರನೆಯವರ ಕುಕಿಗೆ 2020ರಿಂದಲೇ ತಡೆ ಇದೆ. ಫೈರ್‌ಫಾಕ್ಸ್ ಕೂಡ ತಡೆಯುತ್ತದೆ. ಕ್ರೋಮ್‌ನವರು ತೆಗೆಯುತ್ತೇವೆ ಅಂತ ವರ್ಷಗಟ್ಟಲೆ ಹೇಳಿ 2024ರಲ್ಲಿ ಮನಸ್ಸು ಬದಲಾಯಿಸಿದರು. ಗೂಗಲ್‌ನ ದುಡಿಮೆಯೇ ಜಾಹೀರಾತಿನದ್ದು ಅಂತ ನೆನಪಿಟ್ಟುಕೊಂಡರೆ ಆಶ್ಚರ್ಯ ಆಗುವುದಿಲ್ಲ. ನೀವೇ ತಡೆಯಬಹುದು: ಕ್ರೋಮ್‌ನ ಸೆಟ್ಟಿಂಗ್ಸ್, ಅದರಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ಥರ್ಡ್ ಪಾರ್ಟಿ ಕುಕೀಸ್, ಅಲ್ಲಿ ಬ್ಲಾಕ್.

ಕುಕಿ ಬ್ಯಾನರ್‌ನಲ್ಲಿ 'ರಿಜೆಕ್ಟ್' ಒತ್ತಿದರೆ ಸೈಟ್ ಓಪನ್ ಆಗಲ್ವಾ?

ಸಾಮಾನ್ಯವಾಗಿ ಆಗುತ್ತದೆ. ಲಾಗಿನ್, ಬುಟ್ಟಿ, ಭಾಷೆಗೆ ಬೇಕಾದ 'ಅಗತ್ಯ ಕುಕಿ' ಹೇಗೂ ಇರುತ್ತದೆ. ನೀವು ಬೇಡ ಅನ್ನುವುದು ಉಳಿದದ್ದಕ್ಕೆ.

ಆ ಬ್ಯಾನರನ್ನು ಒಂದು ಸಲ ಸರಿಯಾಗಿ ದಿಟ್ಟಿಸಿ. ಸಣ್ಣ ಫೋನಿನಲ್ಲಿ ಅರ್ಧ ಪರದೆ ಅದೇ. 'ಅಕ್ಸೆಪ್ಟ್ ಆಲ್' ಅಂತ ಹಸಿರು ಬಣ್ಣದ ಅಗಲ ಗುಂಡಿ, ಹೆಬ್ಬೆರಳು ಸಹಜವಾಗಿ ಬೀಳುವ ಜಾಗದಲ್ಲಿ. ಅದರ ಕೆಳಗೆ 'ಮ್ಯಾನೇಜ್ ಪ್ರಿಫರೆನ್ಸಸ್' ಅಂತ ಬಿಳಿ ಮೇಲೆ ತೆಳು ಬೂದಿ ಬಣ್ಣದಲ್ಲಿ, ಗುಂಡಿ ಅಂತಾನೇ ಅನ್ನಿಸುವುದಿಲ್ಲ. ಅದನ್ನು ಒತ್ತಿದರೆ ಉದ್ದ ಪಟ್ಟಿ, ಎಲ್ಲದಕ್ಕೂ ಮೊದಲೇ ಟಿಕ್. ಒಂದೊಂದೇ ತೆಗೆಯುವಷ್ಟರಲ್ಲಿ ಸಾಕಪ್ಪಾ ಅನಿಸಿ ಹಸಿರು ಒತ್ತುತ್ತೇವೆ. ಹಾಗೆ ಆಗಲಿ ಅಂತಲೇ ಹಾಗೆ ಮಾಡಿರುತ್ತಾರೆ.

ಈ ಬ್ಯಾನರ್ ಹುಟ್ಟಿದ್ದು ಯುರೋಪಿನ ಕಾನೂನಿಂದ. ಅಲ್ಲಿ ಇ-ಪ್ರೈವಸಿ ಕಾನೂನಿನ 2009ರ ತಿದ್ದುಪಡಿ, ಆಮೇಲೆ 2018ರಲ್ಲಿ ಜಿಡಿಪಿಆರ್ ಅನ್ನೋ ದತ್ತಾಂಶ ಕಾನೂನು ಬಂದವು. ನಮ್ಮಲ್ಲಿ ಕುಕಿಗೇ ಅಂತ ಪ್ರತ್ಯೇಕ ಕಾಯ್ದೆ ಇಲ್ಲ. ಆದರೆ ಕುಕಿಯಿಂದ ನೀವು ಯಾರು ಅಂತ ಗೊತ್ತಾಗುವುದಾದರೆ ಅದೂ ವೈಯಕ್ತಿಕ ಮಾಹಿತಿಯೇ.

ಇನ್‌ಕಾಗ್ನಿಟೊದಲ್ಲಿ (ನೋಡಿದ್ದರ ಪಟ್ಟಿ ಉಳಿಸದ ಬ್ರೌಸರ್ ಕಿಟಕಿ) ನೋಡಿದರೆ ಯಾರಿಗೂ ಗೊತ್ತಾಗಲ್ಲ ಅಲ್ವಾ?

ಅದೇ ಫೋನ್ ಬಳಸುವ ಮನೆಯವರಿಗೆ ಗೊತ್ತಾಗಲ್ಲ. ಇಂಟರ್ನೆಟ್ ಕೊಡುವ ಕಂಪನಿಗೆ, ಕಾಲೇಜಿನ ವೈಫೈ ನೋಡಿಕೊಳ್ಳುವವರಿಗೆ, ನೀವು ಹೋದ ಸೈಟಿಗೆ ಗೊತ್ತಾಗುತ್ತದೆ. ಸೈಬರ್ ಸೆಂಟರಿನಲ್ಲಿ ಅರ್ಜಿ ತುಂಬುವಾಗ ಮಾತ್ರ ಇದು ಒಳ್ಳೆಯದು, ಕಿಟಕಿಗಳನ್ನೆಲ್ಲ ಮುಚ್ಚಿದರೆ ಲಾಗಿನ್ ಉಳಿಯುವುದಿಲ್ಲ. ಇಳಿಸಿಕೊಂಡ ಪಿಡಿಎಫ್ ಮಾತ್ರ ಆ ಕಂಪ್ಯೂಟರಿನಲ್ಲೇ ಇರುತ್ತದೆ, ಮರೆಯದೇ ಅಳಿಸಿ.

ಕೊಪ್ಪದಲ್ಲಿ ಕೂತಿದ್ದರೂ ಸೈಟು 'ಬೆಂಗಳೂರು' ಅಂತ ತೋರಿಸುತ್ತೆ, ಯಾಕೆ?

ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್ನೆಟ್ ಸಂಪರ್ಕದ ನಂಬರ್ ನೋಡಿ ಅಂದಾಜು ಮಾಡುತ್ತದೆ. ಕಂಪನಿಯ ಜಾಲ ಬೆಂಗಳೂರಿನಲ್ಲಿ ಹೊರಗೆ ಹಾದರೆ ನೀವೂ ಬೆಂಗಳೂರಿನವರೇ. 'ಲೊಕೇಶನ್ ಅಲೋ' ಒತ್ತಿದರೆ ಮಾತ್ರ ನಿಮ್ಮ ತೋಟದವರೆಗೂ ಗೊತ್ತಾಗುತ್ತದೆ. ಅಡಿಕೆ ಧಾರಣೆ ತೋರಿಸುವ ಪುಟಕ್ಕೆ ಅದು ಬೇಕಾಗಿಲ್ಲ. ರಾಶಿ, ಬೆಟ್ಟೆ, ಗೊರಬಲು, ಸರಕು ಎಷ್ಟಕ್ಕಿದೆ ಅಂತ ಹೇಳಲು ನೀವು ಎಲ್ಲಿ ನಿಂತಿದ್ದೀರಿ ಅಂತ ಯಾಕೆ ಗೊತ್ತಾಗಬೇಕು?

ನನಗೆ ಕಣ್ಣು ಕಾಣಲ್ಲ. ಫೋನು ಓದಿ ಹೇಳುತ್ತೆ, ಆದರೆ ಎಷ್ಟೋ ಕನ್ನಡ ಪುಟ ಓದಲ್ಲ. ತೊಂದರೆ ನನ್ನ ಫೋನಿನದ್ದಾ?

ಬಹುತೇಕ ಸಲ ಅಲ್ಲ, ಪುಟ ಮಾಡಿದವರದ್ದು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕನ್ನಡ ಓದುತ್ತದೆ. ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಅದೂ ಓದುತ್ತದೆ. ಓದದಿರಲು ಎರಡು ಕಾರಣ ನಮ್ಮ ಕಡೆ ಜಾಸ್ತಿ.

ಒಂದು, ಸ್ಕ್ಯಾನ್ ಮಾಡಿದ ಪಿಡಿಎಫ್. ಕಾಗದದ ಫೋಟೊ ಅದು, ಒಳಗೆ ಅಕ್ಷರವೇ ಇಲ್ಲ. ಎರಡನೆಯದು ಹಳೆಯ ಫಾಂಟ್. ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಪದ್ಧತಿಗೆ ಯೂನಿಕೋಡ್ ಅಂತಾರೆ. ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟಿನಲ್ಲಿ 'ಕನ್ನಡ' ಅಂತ ಟೈಪ್ ಮಾಡಿದರೆ ಕಣ್ಣಿಗೆ ಕನ್ನಡವಾಗಿಯೇ ಕಾಣುತ್ತದೆ. ಒಳಗಿರುವುದು ಮಾತ್ರ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟಿರುವ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಓದುವ ಯಂತ್ರ ಪಾಪ ಇದ್ದದ್ದನ್ನೇ ಓದುತ್ತದೆ. ಕಾಣುವವರಿಗೆ ಕನ್ನಡ, ಕೇಳುವವರಿಗೆ ಗೊಣಗಾಟ. ಕಚೇರಿಯ ಸುತ್ತೋಲೆ, ಸಂಘದ ನೋಟಿಸ್, ಮದುವೆ ಕಾಗದ ಏನೇ ಆಗಲಿ, ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಈಗಿನ ನುಡಿಯಲ್ಲೂ ಆ ಆಯ್ಕೆ ಇದೆ.

ಸೈಟನ್ನು ಎಲ್ಲರಿಗೂ ಬಳಸಲು ಬರುವ ಹಾಗೆ ಮಾಡಲೇಬೇಕು ಅಂತ ಕಾನೂನು ಇದೆಯಾ?

ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದನ್ನು ಹೇಳುತ್ತದೆ. ಸರ್ಕಾರಿ ಸೈಟುಗಳಿಗೆ ಮಾರ್ಗಸೂಚಿಯೂ ಇದೆ, ಐಎಸ್ 17802 ಅನ್ನೋ ಮಾನದಂಡವೂ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬ್ಯಾಂಕಿನ ಆನ್‌ಲೈನ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಿ ತೋರಿಸಿ ಅಂತಾರಲ್ಲ, ಆಸಿಡ್ ದಾಳಿಗೆ ಒಳಗಾದವರಿಗೆ, ದೃಷ್ಟಿ ಇಲ್ಲದವರಿಗೆ ಅದು ಹೇಗೆ ಸಾಧ್ಯ? ಆ ಪ್ರಕರಣದಲ್ಲಿ, ಡಿಜಿಟಲ್ ಸೇವೆ ಸಿಗುವುದು 21ನೇ ವಿಧಿಯ ಜೀವಿಸುವ ಹಕ್ಕಿನದ್ದೇ ಭಾಗ ಅಂತ ಕೋರ್ಟ್ ಹೇಳಿತು.

ಇದು ಕಣ್ಣು ಕಾಣದವರಿಗೆ ಮಾತ್ರ ಅಂದುಕೊಳ್ಳಬೇಡಿ. ಪೊರೆ ಬಂದ ಅಜ್ಜಿಗೆ ಬೂದಿ ಬಣ್ಣದ ಅಕ್ಷರ ಕಾಣುವುದಿಲ್ಲ, ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ಹೊಳಪಿನಲ್ಲಿ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸ ಇರಬೇಕು ಅಂತ ಅಂತಾರಾಷ್ಟ್ರೀಯ ಮಾನದಂಡವೇ ಇದೆ. ಹೊಸನಗರದ ಒಳಗಿನ ಹಳ್ಳಿಯಲ್ಲಿ ಒಟಿಪಿ ಬರಲು ಗುಡ್ಡ ಹತ್ತಬೇಕು. ಗುಡ್ಡ ಇಳಿದು ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಸಮಯ ಹೆಚ್ಚಿಸಿಕೊಳ್ಳುವ ಅವಕಾಶ ಬಳಕೆದಾರರಿಗೆ ಕೊಡಿ ಅಂತಲೂ ಅದೇ ಮಾನದಂಡ ಹೇಳುತ್ತದೆ. ಯಾರು ಕೇಳ್ತಾರೆ!

ಸರಿ, ಏನಾದರೂ ಹೆಚ್ಚುಕಮ್ಮಿ ಆದರೆ ಯಾರಿಗೆ ಹೇಳಬೇಕು?

ಆನ್‌ಲೈನ್ ಮೋಸದಲ್ಲಿ ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಸೈಬರ್ ವಂಚನೆಯ ಸಹಾಯವಾಣಿ ಅದು. ಯೋಚನೆ ಮಾಡುತ್ತಾ ಕೂರಬೇಡಿ, ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಉಳಿದದ್ದಕ್ಕೆ ಮೊದಲು ಸೈಟಿನ 'ಗ್ರೀವೆನ್ಸ್ ಆಫೀಸರ್', ಅಂದರೆ ದೂರು ಅಧಿಕಾರಿ. ಪುಟದ ಕಟ್ಟಕಡೆಗೆ ಹೋದರೆ ಆ ಹೆಸರು, ಇಮೇಲ್ ಇರುತ್ತದೆ. ಸೋಷಿಯಲ್ ಮೀಡಿಯಾದಂಥ ಸೈಟಾದರೆ 2021ರ ನಿಯಮಗಳ ಪ್ರಕಾರ 24 ಗಂಟೆಯೊಳಗೆ ದೂರು ಸಿಕ್ಕಿತು ಅಂತ ತಿಳಿಸಬೇಕು.

ಏನು ಬರೆಯೋದು ಅಂತ ಕೇಳುವವರಿಗೆ ನಾನು ಕೊಡುವ ಒಕ್ಕಣೆ ಇದು, ಹಾಗೇ ಬಳಸಿ: 'ನಿಮ್ಮ ಸೈಟಿನಲ್ಲಿ ಈ ಇಮೇಲ್‌ನಿಂದ ನನ್ನ ಖಾತೆ ಇದೆ. ನನ್ನ ಬಗ್ಗೆ ಯಾವ ಮಾಹಿತಿ ಇಟ್ಟುಕೊಂಡಿದ್ದೀರಿ, ಯಾರಿಗೆ ಕೊಟ್ಟಿದ್ದೀರಿ ತಿಳಿಸಿ. ಜಾಹೀರಾತಿಗೆ ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುತ್ತಿದ್ದೇನೆ. ಕಾನೂನಿನ ಪ್ರಕಾರ ಇಡಲೇಬೇಕಾದ್ದನ್ನು ಬಿಟ್ಟು ಉಳಿದದ್ದನ್ನು ಅಳಿಸಿ, ಅಳಿಸಿದ ಮೇಲೆ ಉತ್ತರ ಕೊಡಿ.' ಕನ್ನಡದಲ್ಲೇ ಕಳಿಸಿ. ಕಳಿಸಿದ ದಿನದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಒಂದು ತಿಂಗಳು ಕಾದು ಉತ್ತರ ಬರದಿದ್ದರೆ 1915ಕ್ಕೆ ಫೋನ್ ಮಾಡುವಾಗ ಆ ತಾರೀಖು ಬೇಕಾಗುತ್ತದೆ.